ಅಂಟಿನುಂಡೆ ತಿಂದವರ ಮಡಿಲು

ಸೊಸೆ ನೀಲವ್ವ ಎರಡನೆಯ ಕೂಸು ಹೆತ್ತದ್ದೇ ತಡ, ಅಡಿವೆಪ್ಪ ದೇಸಾಯರು ದೊಡ್ಡ ವೈದ್ಯರಾಗಿಬಿಟ್ಟರು.

"ಬಾಣಂತಿ ಹೊಟ್ಟಿ ತುಂಬ ಉಣಬಾರದು. ಹಾಲು ದಪ್ಪ ಆಗತೈತಿ, ಕೂಸಿಗೆ ಅರಗೂದಿಲ್ಲ!"

ನೀಲವ್ವನಿಗೆ ಹೊತ್ತಿಗೊಂದು ಹಿಡಿ ಅನ್ನ, ಮೇಲೆ ಮೆಣಸಿನ ಸಾರು. ಹಾಲು ಹೆಚ್ಚಲೆಂದು ತವರಿನವರು ಡಬ್ಬಿ ತುಂಬ ಕಳಿಸಿದ್ದ ಅಂಟಿನುಂಡೆ ಮಾತ್ರ ಮಾವನವರ ಪಾಲು. ತುಪ್ಪ, ಕೊಬ್ಬರಿ, ಉತ್ತತ್ತಿಯ ಆ ಉಂಡೆ ದಿನಕ್ಕೆ ನಾಲ್ಕು ಅವರ ಹೊಟ್ಟೆ ಸೇರಿದವು. ಹನ್ನೆರಡು ದಿನದಲ್ಲಿ ಅವರ ಗಲ್ಲ ಉಬ್ಬಿತು, ನೀಲವ್ವನ ಎದೆ ಬತ್ತಿತು.

ಕೂಸಿಗೆ ನೀರು ಎರೆಯಲು ಬರುತ್ತಿದ್ದ ದುಂಡವ್ವ, ಉಂಡೆ ಬಾಣಂತಿಗೆ ಕೊಡಬೇಕೆಂದು ಒಮ್ಮೆ ಬಾಯಿಬಿಟ್ಟು ಹೇಳಿದಳು. "ಎರೆಯೋದಷ್ಟ ನಿನ್ನ ಕೆಲಸ," ಎಂದು ದೇಸಾಯರು ಗದರಿದರು.

ತೊಟ್ಟಿಲಿಗೆ ಹಾಕುವ ದಿನ ಪಡಸಾಲೆ ತುಂಬ ಬೀಗರು ಕೂತಿದ್ದರು. ಕೂಸು ಹಸಿದು ಕಿರುಚಿತು. ದುಂಡವ್ವ ಅದನ್ನು ಎತ್ತಿ ತಂದು ಸೀದಾ ದೇಸಾಯರ ಮಡಿಲಿಗೆ ಹಾಕಿದಳು.

"ಏನಬೇ ಇದು? ಅವರವ್ವನ ಕಡೆ ಒಯ್ಯಿ!"

"ಆಕಿ ಕಡೆ ಏನೈತ್ರೀ ಯಪ್ಪಾ? ಬಾಣಂತಿ ಉಂಡಿ ತಿಂದವರು ನೀವು. ಹಾಲು ಬಂದ್ರ ನಿಮಗ ಬಂದಿರಬೇಕು. ಅಂಗಿ ಗುಂಡಿ ಬಿಚ್ರಿ."

ಕೂಸು ಅಜ್ಜನ ಅಂಗಿಯನ್ನೇ ಚೀಪತೊಡಗಿತು. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ನೀಲವ್ವನ ಅಪ್ಪ ಮಾತ್ರ ನಗಲಿಲ್ಲ, ದೇಸಾಯರನ್ನೇ ದಿಟ್ಟಿಸಿ ನೋಡಿದ.

ದೇಸಾಯರು ಬೆವೆತರು. "ಆ ಡಬ್ಬಿ ಆಕಿಗೇ ಕೊಡ್ರಿ ಮಾರಾಯ್ರ!"

ದುಂಡವ್ವ ಡಬ್ಬಿ ತಂದು ಎಲ್ಲರೆದುರು ಬೋರಲು ಹಾಕಿದಳು. ಒಂದು ಚೂರೂ ಬೀಳಲಿಲ್ಲ.

"ತುಪ್ಪ, ಕೊಬ್ಬರಿ ತರಸ್ರೀ ಯಪ್ಪಾ. ಹೊಸಾ ಉಂಡಿ ಕಟ್ಟಿ ಬಾಣಂತಿ ಬಾಯಿಗೆ ಹಾಕೂತನಕ ನೀವು ಕೂಸಿಗೆ ಕುಡಿಸ್ತಿರ್ರಿ."