ಪಟ್ಟಿಯಲ್ಲಿಲ್ಲದ ಬಂದೂಕು

“ಬುದ್ಧೀ, ಕಟ್ಟಳೆ ಜಾರಿಗೆ ಬರುವ ಮುಂಚೆ ಕೊಂಡ ವಸ್ತುವಿಗೆ ದೋಷ ಉಂಟೇ?”

ಕೇಳಿದವನು ಮಠದ ಶಿಷ್ಯ ಮಡಿವಾಳಯ್ಯ. ಕೇಳುವುದಕ್ಕೆ ಕಾರಣವಿತ್ತು. ಯುಗಾದಿಯಿಂದಾಚೆ ಯಾರೂ ಹೊಸ ಕಂಬಳಿ ಕೊಳ್ಳುವಂತಿಲ್ಲ, ಇದ್ದುದರಲ್ಲೇ ಸಾಗಿಸಬೇಕು ಎಂದು ಸ್ವಾಮಿಗಳು ಕಟ್ಟಳೆ ಮಾಡಿದ್ದರು. ಅಷ್ಟು ಸಾಕಾಯಿತು. ಕಂಬಳಿ ನೇಯುವವರ ಬಾಗಿಲಲ್ಲಿ ಮಠದವರದೇ ಸಾಲು. ಒಲೆಯ ಬೆನ್ನಿಗೇ ಮಲಗುವ ಅಡುಗೆಯ ಸಂಗಯ್ಯ ಮೂರು ತಂದನಂತೆ. ಪುರಾಣ ಹೇಳುವವರು ಎರಡು ತಂದು, ಒಂದನ್ನು ಗುಟ್ಟಾಗಿ ತಂಗಿಯ ಮನೆಯಲ್ಲಿಟ್ಟರಂತೆ. ತಂಗಿ ಯಾರಿಗೂ ಹೇಳಲಿಲ್ಲ, ಬಾವಿಕಟ್ಟೆಯಲ್ಲಿ ನಾಲ್ಕು ಜನಕ್ಕೆ ಹೇಳಿದಳು ಅಷ್ಟೇ. ಮಡಿವಾಳಯ್ಯನ ತೊಡೆಯ ಮೇಲೂ ಹೊಸದೊಂದು ಕರಿಕಂಬಳಿ ಇತ್ತು. ಫಾಲ್ಗುಣದ ಬಿಸಿಲು. ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು.

ಸ್ವಾಮಿಗಳು ದೋಷ ಉಂಟು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. “ಹೋದ ವರ್ಷ ಭಕ್ತರು ಕರೆದರೆಂದು ಕೆನಡಾಕ್ಕೆ ಹೋಗಿದ್ದೆವಲ್ಲ, ಅಲ್ಲಿ ಕೇಳಿದ್ದು ಹೇಳುತ್ತೇವೆ, ಕೇಳು” ಎಂದು ಶುರುಮಾಡಿದರು.

ಆ ದೇಶದ ಬಯಲುಸೀಮೆಯಲ್ಲಿ ಒಬ್ಬ ರೈತ. ಕುರಿ ಸಾಕಿ ಬದುಕುವವನು. ಅಲ್ಲಿ ಕಯೋಟಿ ಎಂಬ ಪ್ರಾಣಿ ಉಂಟು. ತೋಳಕ್ಕೆ ತಮ್ಮ, ನರಿಗೆ ಅಣ್ಣ. ಕುರಿ ಈಯುವ ಕಾಲಕ್ಕೆ ಸರಿಯಾಗಿ, ಬಾಣಂತಿ ನೋಡಲು ಬರುವ ನೆಂಟರ ಹಾಗೆ, ಹೊಲದಂಚಿಗೆ ಬಂದು ಕೂರುತ್ತದೆ. ಅದಕ್ಕೆಂದೇ ಅಲ್ಲಿಯ ಕೆಲವರು ಮಂದೆಯ ನಡುವೆ ಒಂದು ಕತ್ತೆಯನ್ನು ಬಿಡುತ್ತಾರೆ. ಕತ್ತೆಗೆ ನಾಯಿಜಾತಿಯನ್ನು ಕಂಡರಾಗದು. ಅರಚುತ್ತದೆ, ಅಟ್ಟಿಸಿಕೊಂಡು ಹೋಗಿ ಒದೆಯುತ್ತದೆ.

ರೈತನ ಬಳಿ ಅಂಥದೊಂದು ಹೆಣ್ಣುಕತ್ತೆ ಇತ್ತು. ಅಪ್ಪನ ಕಾಲದ ಒಂಟಿಗುಂಡಿನ ಬಂದೂಕೂ ಇತ್ತು. ಕತ್ತೆ ಅರಚುವುದು, ಇವನು ಹೊರಗೆ ಬರುವುದು, ಒಂದು ಗುಂಡು ಹಾರಿಸುವುದು, ಕಯೋಟಿ ಓಡುವುದು. ಹನ್ನೆರಡು ವರ್ಷ ಹೀಗೇ ನಡೆಯಿತು. ಮರಿಗಳೆಲ್ಲ ಬದುಕಿದವು.

ಒಂದು ಮಂಗಳವಾರ ಗುಂಡು ಕೊಳ್ಳಲೆಂದು ಪೇಟೆಗೆ ಹೋದ. ಬಂದೂಕಿನ ವ್ಯಾಪಾರಿ ಅವನನ್ನು ಒಳಗೆ ಕರೆದು ಹೊಸದೊಂದನ್ನು ತೋರಿಸಿದ. ಸೆಮಿ ಆಟೋಮ್ಯಾಟಿಕ್ ಅಂತೆ. ಬೆರಳು ಎಳೆದಷ್ಟು ಸಲವೂ ಗುಂಡು ಹಾರುತ್ತದೆ, ನಡುವೆ ಕೈಯಿಂದ ತುಂಬುವ ಗೋಜಿಲ್ಲ.

“ನನಗ್ಯಾಕಪ್ಪ ಇದು?” ಎಂದ ರೈತ.

“ಬೇಡವಾದರೆ ಬಿಡು ಮಾರಾಯ. ಸರಕಾರ ನಿಷೇಧದ ಪಟ್ಟಿ ತರುತ್ತಂತೆ. ಆಮೇಲೆ ನೀನು ನೆಲಕ್ಕೆ ಹಣೆ ಹಚ್ಚಿದರೂ ಸಿಗೋದಿಲ್ಲ.”

ಅಲ್ಲಿಯವರೆಗೆ ಬೇಡವಾಗಿದ್ದದ್ದು ಆ ಮಾತು ಕೇಳಿದ್ದೇ ಬೇಕಾಯಿತು. ಲೈಸೆನ್ಸು ಇದ್ದೇ ಇತ್ತು. ಅಪ್ಪನ ಬಂದೂಕನ್ನು ವ್ಯಾಪಾರಿಗೇ ಕೊಟ್ಟು, ಮೇಲೆ ಆರು ಕುರಿ ಮಾರಿ, ಹೊಸದನ್ನು ತಂದ. ಹೆಂಡತಿಗೆ ಹೇಳಲಿಲ್ಲ. ಕೊಟ್ಟಿಗೆಯ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಜಡಿದ.

ಪಟ್ಟಿ ಬಂತು. ಆ ಬಂದೂಕಿನ ಹೆಸರು ಅದರಲ್ಲಿತ್ತು. ಇನ್ನು ಅದನ್ನು ಹಾರಿಸುವಂತಿಲ್ಲ, ಮಾರುವಂತಿಲ್ಲ. ಸರಕಾರದವರು ಬಂದು ಒಯ್ಯುವವರೆಗೆ ಬೀಗ ಹಾಕಿ ಕಾಯಬೇಕು. ಒಯ್ಯುವ ದಿನವೋ, ಸೋಮಾರಿ ಅಳಿಯನ ಹಾಗೆ, ನಾಳೆ ನಾಡಿದ್ದು ಎನ್ನುತ್ತಲೇ ಇತ್ತು.

ರೈತ ವ್ಯಾಪಾರಿಯ ಬಳಿ ಓಡಿದ. ವ್ಯಾಪಾರಿ ಇನ್ನೊಂದನ್ನು ತೆಗೆದ. “ಇದು ಪಟ್ಟಿಯಲ್ಲಿಲ್ಲ. ಇವತ್ತು ಉಂಟು, ನಾಳೆ ನಾನು ಹೇಳಲಾರೆ” ಎಂದ. ಅದೂ ಬಂತು. ಇನ್ನಷ್ಟು ಕುರಿ ಹೋದವು. ಮುಂದಿನ ಪಟ್ಟಿಯಲ್ಲಿ ಅದರ ಹೆಸರೂ ಸೇರಿತು. ಬೀರುವಿನಲ್ಲಿ ಈಗ ಎರಡಾದವು.

ಮಂಗಳವಾರ ಬಂದರೆ ಈ ಮನುಷ್ಯ ಗಡ್ಡ ಹೆರೆದುಕೊಂಡು, ವ್ಯಾಪಾರಿಯಿಂದ ಪಟ್ಟಿಯ ಸುದ್ದಿ ಕೇಳಲು ಪೇಟೆಗೆ ಹೊರಡುತ್ತಾನೆ. ಬಂದವನೇ ಕೊಟ್ಟಿಗೆ ಹೊಕ್ಕು ಅಗುಳಿ ಹಾಕಿಕೊಳ್ಳುತ್ತಾನೆ. ಊರಿಗೆ ಇನ್ನೇನು ಬೇಕು? ಇವನಿಗೆ ಪೇಟೆಯ ವಿಧವೆಯೊಬ್ಬಳ ಹೆಸರು ಕಟ್ಟಿದರು. ಆಕೆ ಇವನ ಮುಖ ಕೂಡ ನೋಡಿದವಳಲ್ಲ, ಪಾಪ. ಮಾತು ಹೆಂಡತಿಯ ಕಿವಿಗೆ ಬಿತ್ತು. ಆಕೆ ಗಂಡನ ಅಂಗಿ ಮೂಸಿದಳು. ಅತ್ತರಿನ ವಾಸನೆಯಲ್ಲ, ಯಂತ್ರಕ್ಕೆ ಹಾಕುವ ಎಣ್ಣೆಯ ವಾಸನೆ. ನೆಟ್ಟಗೆ ಕೊಟ್ಟಿಗೆಗೆ ನಡೆದು ಬೀರು ತೆಗೆಸಿದಳು. ಎರಡು ಬಂದೂಕು ಎಣ್ಣೆ ಹಚ್ಚಿಸಿಕೊಂಡು ಮದುಮಕ್ಕಳ ಹಾಗೆ ನಿಂತಿದ್ದವು.

“ಹೆಣ್ಣೇ ಆಗಿದ್ದರೆ ಚೆನ್ನಾಗಿತ್ತು” ಎಂದಳು. “ಅವಳು ಕುರಿಗೆ ಒಂದು ಹಿಡಿ ಹುಲ್ಲಾದರೂ ಹಾಕುತ್ತಿದ್ದಳು.”

ರೈತನಿಗೆ ನಾಚಿಕೆಯಾಯಿತು. ಒಂದು ವಾರ ತಲೆ ತಗ್ಗಿಸಿಕೊಂಡು ಓಡಾಡಿದ. ಅಷ್ಟರಲ್ಲಿ ಮೂರನೆಯ ಪಟ್ಟಿಯ ಸುದ್ದಿ ಹುಟ್ಟಿತು. ಮೊದಲೆರಡು ಸಲ ಆರಿಸುವುದರಲ್ಲಿ ಎಡವಿದೆ, ಈ ಸಲ ಎಡವಲಾರೆ ಎಂದುಕೊಂಡ. ಮಾರುವುದಕ್ಕೆ ಕುರಿ ಹೆಚ್ಚು ಉಳಿದಿರಲಿಲ್ಲ. ಕತ್ತೆಯ ಕಡೆ ನೋಡಿದ. ಬಂದೂಕು ಇರುವವನಿಗೆ ಕತ್ತೆಯ ಅರಚಾಟ ಯಾಕೆ? ಕತ್ತೆ ನೆರೆಯವನ ಹೊಲಕ್ಕೆ ಹೋಯಿತು. ಮೂರನೆಯ ಬಂದೂಕು ಮನೆಗೆ ಬಂತು.

ಕುರಿ ಈಯುವ ಕಾಲ ಬಂತು. ಒಂದು ಕುರಿ ಮರಿ ಹಾಕಿ ಸತ್ತಿತು. ತಬ್ಬಲಿ ಮರಿಯನ್ನು ಹೆಂಡತಿ ಒಲೆಯ ಹತ್ತಿರ ಮಲಗಿಸಿ, ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದಳು. ಮರಿ ಗಟ್ಟಿಯಾದ ಮೇಲೆ ಮಂದೆಗೆ ಬಿಟ್ಟಳು.

ಹೊಸ ಪಟ್ಟಿ ಬಂದದ್ದೂ ಅದೇ ವಾರ. ಬೆಳಗಿನ ಹೊತ್ತು ಪೇಟೆಯ ರೇಡಿಯೋದವರು ಒಂದೊಂದೇ ಬಂದೂಕಿನ ಹೆಸರು ಓದತೊಡಗಿದರು. ರೈತ ಮೂರನೆಯದನ್ನು ತೊಡೆಯ ಮೇಲಿಟ್ಟುಕೊಂಡು ಅಡುಗೆಮನೆಯಲ್ಲಿ ಕಿವಿಗೊಟ್ಟು ಕೂತ. ಒಂದು ಹೆಸರು ಹೋಯಿತು. ಹತ್ತು ಹೋದವು. ಹೊರಗೆ ಕುರಿಗಳು ಚದುರಿ ಓಡುವ ಸದ್ದಾಯಿತು. ಅರಚಲು ಕತ್ತೆ ಇರಲಿಲ್ಲ. ಹೆಂಡತಿ ಸನಿಕೆಯಿಂದ ಬಕೆಟ್ಟು ಬಡಿಯುತ್ತ ಹಿಮದಲ್ಲಿ ಓಡಿದಳು.

“ಬನ್ರೀ! ಮೂರು ಕಯೋಟಿ ಬಂದಿವೆ! ಹಾರಿಸ್ರೀ!”

“ತಾಳೇ, ಇನ್ನೂ ಪಟ್ಟಿ ಮುಗಿದಿಲ್ಲ! ಹೆಸರಿದ್ದರೆ ಹಾರಿಸಿದ್ದು ಅಪರಾಧ ಆಗುತ್ತೆ!”

ಅವನು ಹೇಳಿದ್ದು ಸುಳ್ಳಲ್ಲ. ಕಾನೂನು ಬಲ್ಲವನ ಮಾತೇ. ಕೊನೆಯ ಹೆಸರಿನವರೆಗೂ ಕೇಳಿದ. ಅವನ ಬಂದೂಕಿನ ಹೆಸರು ಬರಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಗೆದ್ದಿದ್ದ. ಬಂದೂಕನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ಬರಿಗಾಲಲ್ಲೇ ಹೊರಗೆ ಓಡಿದ.

“ಇಲ್ಲ ಕಣೇ! ನಮ್ಮದು ಪಟ್ಟಿಯಲ್ಲಿಲ್ಲ!”

ಬಯಲಿನಲ್ಲಿ ಕಯೋಟಿ ಇರಲಿಲ್ಲ. ಹೆಂಡತಿ ಹಿಮದಲ್ಲಿ ಕೂತಿದ್ದಳು. ಬಾಟಲಿ ಹಾಲಿನ ಮರಿ ಅವಳ ಮಡಿಲಲ್ಲಿತ್ತು. ಅದರ ಕತ್ತು ಒಂದು ಕಡೆಗೆ ಜೋಲುಬಿದ್ದಿತ್ತು.

“ಆಯಿತಲ್ಲ” ಎಂದಳು. “ಈಗ ಮರಿಗಳ ಪಟ್ಟಿ ನಾನು ಓದಲೇ?”

ಸ್ವಾಮಿಗಳು ಅಲ್ಲಿಗೆ ನಿಲ್ಲಿಸಿದರು. ಮಡಿವಾಳಯ್ಯನಿಗೆ ಸಿಟ್ಟು ಬಂದಿತ್ತು. ತೊಡೆಯ ಮೇಲಿನ ಕಂಬಳಿಯ ಅಂಚಿನಿಂದ ಹಣೆಯ ಬೆವರು ಒರೆಸಿಕೊಳ್ಳುತ್ತ ಕೇಳಿದ:

“ಇದರಲ್ಲಿ ತಪ್ಪು ಪಟ್ಟಿ ಮಾಡಿದವರದೋ, ಆ ಹಾಳು ವ್ಯಾಪಾರಿಯದೋ ಬುದ್ಧೀ?”

“ಅದಿರಲಿ ಮಡಿವಾಳಯ್ಯ, ಈ ಕಂಬಳಿ ಕೊಂಡ ದಿನ ನಿನಗೆ ಚಳಿಯಾಗಿತ್ತೇ?”