ಊಟ ತಂದ ಮಾಸ್ತರ

“ನಾಚಿಕೆಯನ್ನು ಗೆಲ್ಲುವುದು ಹೇಗೆ, ಅಜ್ಜಾರೆ?”

ಹೀಗೆ ಕೇಳಿದವನು ಪಂಚಾಕ್ಷರಿ ಎಂಬ ಶಿಷ್ಯ. ಅವನು ಮಠಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಂದು ಬೆಳಿಗ್ಗೆ ಮೊದಲ ಸಲ ಅವನ ಹೆಗಲಿಗೆ ಜೋಳಿಗೆ ಹಾಕಿ ಪೇಟೆಗೆ ಭಿಕ್ಷೆಗೆ ಕಳುಹಿಸಿದ್ದರು. ಪೇಟೆಯ ನಡುವೆ, ಕಾಲೇಜಿನಲ್ಲಿ ಜೊತೆಗೆ ಓದಿದವನೊಬ್ಬ ಎದುರಿಗೆ ಬರುವುದು ಕಂಡಿತು. ಪಂಚಾಕ್ಷರಿ ಜೋಳಿಗೆಯನ್ನು ಶಾಲಿನೊಳಗೆ ಮುಚ್ಚಿಕೊಂಡು ಪಕ್ಕದ ಓಣಿಗೆ ನುಗ್ಗಿದ. ಅಲ್ಲಿಂದ ನೇರವಾಗಿ ಮಠಕ್ಕೆ ಬಂದುಬಿಟ್ಟ. ಇನ್ನೂ ಅರ್ಧ ಪೇಟೆ ಉಳಿದೇ ಇತ್ತು.

ಮಠದ ಗುರುಗಳನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು. ಅಜ್ಜಾರು ಅವನನ್ನು ಗದರಲಿಲ್ಲ. “ಕುಳಿತುಕೋ” ಎಂದರು. ಅವನು ಕುಳಿತ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವಿದ್ಯಾರ್ಥಿಯಿದ್ದ. ಯಮನೂರಪ್ಪ ಎಂದು ಅವನ ಹೆಸರು. ಮಾಸ್ತರನಾಗಬೇಕೆಂಬ ಆಸೆಯಿಂದ ಬಿ.ಎಡ್. ಓದುತ್ತಿದ್ದ. ಬೆಳಿಗ್ಗೆ ಒಂದು ಹೈಸ್ಕೂಲಿಗೆ ಹೋಗಿ ಮಕ್ಕಳಿಗೆ ಗಣಿತ ಕಲಿಸುವ ಅಭ್ಯಾಸ ಮಾಡುತ್ತಿದ್ದ. ಮಧ್ಯಾಹ್ನ ತಾನೇ ವಿದ್ಯಾರ್ಥಿಯಾಗಿ ಕಾಲೇಜಿನಲ್ಲಿ ಕೂರುತ್ತಿದ್ದ. ಸಂಜೆಯಾದರೆ ಕಂಪನಿ ಕೊಟ್ಟ ಬಣ್ಣದ ಟೀ ಶರ್ಟು ತೊಟ್ಟು, ಹೆಲ್ಮೆಟ್ ಹಾಕಿ, ದೊಡ್ಡ ಚೀಲವನ್ನು ಬೆನ್ನಿಗೇರಿಸಿ, ಹೋಟೆಲುಗಳಿಂದ ಮನೆಮನೆಗೆ ಊಟ ಮುಟ್ಟಿಸುತ್ತಿದ್ದ. ಅವನ ಓದು ನಡೆಯುತ್ತಿದ್ದುದೇ ಆ ಸಂಜೆಯ ದುಡಿಮೆಯಿಂದ.

ಕೆಲಸದಲ್ಲಿ ಅವನು ಅಚ್ಚುಕಟ್ಟು. ಸಾರಿನ ಡಬ್ಬಿ ಅಡ್ಡ ಬೀಳದಂತೆ ಟವೆಲು ಸುತ್ತಿ ಇಡುತ್ತಿದ್ದ. ಹಸಿದವರು ಕಾಯುತ್ತಿರುತ್ತಾರೆಂದು ದಾರಿಯಲ್ಲಿ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ದೊಡ್ಡ ಕಟ್ಟಡಗಳಲ್ಲಿ ಕಾವಲುಗಾರರು ಲಿಫ್ಟ್ ಹತ್ತಲು ಬಿಡದಿದ್ದರೆ ಮೆಟ್ಟಿಲು ಹತ್ತಿಕೊಂಡು ಹೋಗುತ್ತಿದ್ದ. ಮರುದಿನದ ಪಾಠವನ್ನು ಗಾಡಿ ಓಡಿಸುತ್ತಲೇ ಹೇಳಿಕೊಳ್ಳುತ್ತಿದ್ದ. ಹೆಲ್ಮೆಟ್ಟಿನೊಳಗೆ ಗಟ್ಟಿಯಾಗಿ ಪಾಠ ಹೇಳಿದರೆ ಯಾರಿಗೆ ಕೇಳುತ್ತದೆ? ಸಿಗ್ನಲ್ಲಿನಲ್ಲಿ ಪಕ್ಕದ ಗಾಡಿಯವರು ಮಾತ್ರ, ಯಾರ ಜೊತೆ ಮಾತಾಡುತ್ತಿದ್ದಾನೆ ಇವನು ಎಂದು ತಿರುಗಿ ನೋಡುತ್ತಿದ್ದರು.

ಇಷ್ಟಾದರೂ ಈ ಕೆಲಸವನ್ನು ಅವನು ಎಲ್ಲರಿಂದಲೂ ಮುಚ್ಚಿಟ್ಟಿದ್ದ. ಹಾಸ್ಟೆಲಿಗೆ ಬರುವ ಮೊದಲು ಟೀ ಶರ್ಟು ಬದಲಿಸುತ್ತಿದ್ದ. ಸಂಜೆ ಮಕ್ಕಳಿಗೆ ಮನೆಪಾಠ ಹೇಳುತ್ತೇನೆಂದು ತಾಯಿಗೆ ತಿಳಿಸಿದ್ದ. ಎಷ್ಟೇ ಸೆಕೆಯಿದ್ದರೂ ಗಿರಾಕಿಯ ಬಾಗಿಲಿನಲ್ಲಿ ಹೆಲ್ಮೆಟ್ ತೆಗೆಯುತ್ತಿರಲಿಲ್ಲ. ಅವನ ಹೆದರಿಕೆಗೆ ಕಾರಣವೂ ಇತ್ತು. ಹಿಂದಿನ ವರ್ಷ ಅದೇ ಹೈಸ್ಕೂಲಿಗೆ ಕಲಿಸಲು ಬಂದಿದ್ದ ಒಬ್ಬ ವಿದ್ಯಾರ್ಥಿಗೆ ಮಕ್ಕಳು ಒಂದು ಅಡ್ಡಹೆಸರು ಇಟ್ಟಿದ್ದರು. ಅವನು ಹಲಗೆಯ ಕಡೆ ತಿರುಗಿದಾಗಲೆಲ್ಲ ಹಿಂದಿನಿಂದ ಆ ಹೆಸರು ಕೂಗುತ್ತಿದ್ದರು. ಅವನಿಗೆ ಒಂದು ಪಾಠವನ್ನೂ ಪೂರ್ತಿ ಮಾಡಲಾಗಲಿಲ್ಲ. ಓದು ಬಿಟ್ಟು ಊರಿಗೆ ಹೋದವನು ಮರಳಲೇ ಇಲ್ಲ.

ಒಂದು ಸಂಜೆ ಯಮನೂರಪ್ಪ ಹೊಸ ಬಡಾವಣೆಯ ಒಂದು ಮನೆಗೆ ಊಟ ತೆಗೆದುಕೊಂಡು ಹೋದ. ಅದು ಒಬ್ಬ ಬಟ್ಟೆ ವ್ಯಾಪಾರಿಯ ಮನೆ. ಕರೆಗಂಟೆ ಒತ್ತುವ ಮೊದಲೇ ಒಳಗಿನ ಕೂಗಾಟ ಕೇಳಿಸಿತು. ಬಾಗಿಲು ತೆರೆದ ವ್ಯಾಪಾರಿಯ ಮುಖ ಕೆಂಪಾಗಿತ್ತು. ಅವನ ಹಿಂದೆ ಗೋಡೆಗೆ ಒತ್ತಿಕೊಂಡು ಮಗ ನಿಂತಿದ್ದ. ಗಣಿತದ ಪರೀಕ್ಷೆಯಲ್ಲಿ ಫೇಲಾಗಿದ್ದಕ್ಕೆ ಅವನಿಗೆ ಬೈಗುಳ ನಡೆದಿತ್ತು.

ಯಮನೂರಪ್ಪ ಆ ಹುಡುಗನನ್ನು ನೋಡಿದ ಕೂಡಲೇ ಗುರುತಿಸಿದ. ಅವನು ಸಂಕೇತ. ಬೆಳಿಗ್ಗೆ ತಾನು ಕಲಿಸುವ ಒಂಬತ್ತನೆಯ ತರಗತಿಯವನು. ಯಮನೂರಪ್ಪ ಮಾತಾಡದೆ ಊಟದ ಪೊಟ್ಟಣ ಮುಂದೆ ಚಾಚಿದ.

ವ್ಯಾಪಾರಿ ಪೊಟ್ಟಣ ತೆಗೆದುಕೊಂಡು ಮಗನ ಕಡೆ ತಿರುಗಿದ. “ನೋಡಿಲ್ಲೆ. ಓದಲಿಲ್ಲ ಅಂದ್ರ ನಾಳೆ ನೀನೂ ಇವನಂಗ ಮಂದಿ ಬಾಗಿಲಿಗೆ ಊಟದ ಚೀಲ ಹೊತ್ಕೊಂಡು ತಿರಗಬೇಕಾಗ್ತದ, ನೆನಪಿಟ್ಕೊ.”

ಹುಡುಗ ತಲೆಯೆತ್ತಿ ಯಮನೂರಪ್ಪನನ್ನು ನೋಡಿದ. ಆಳದ ಬಾವಿಗೆ ಇಣುಕಿದವನು ನೋಡುವ ಹಾಗೆ ನೋಡಿದ. ಬಾಗಿಲು ಮುಚ್ಚಿತು.

ಯಮನೂರಪ್ಪ ಮೆಟ್ಟಿಲಿಳಿದು ಗಾಡಿಯ ಹತ್ತಿರ ಬಂದ. ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಹೊರಟುಬಿಟ್ಟರೆ ಮುಗಿಯುತ್ತಿತ್ತು. ಕೀಲಿ ತಿರುವಿದ. ಆದರೆ ಹುಡುಗನ ಆ ನೋಟ ಎದುರಿಗೇ ನಿಂತಿತ್ತು. ನಾಳೆ ಬೆಳಿಗ್ಗೆ ಈ ಹುಡುಗ ತನ್ನೆದುರು ಕೂರುತ್ತಾನೆ. ತಾನು ಸೀಮೆಸುಣ್ಣ ಹಿಡಿದು ನಿಂತರೆ ಎದ್ದು ನಮಸ್ಕಾರ ಹೇಳುತ್ತಾನೆ. ಇದೇ ತನ್ನನ್ನು ಈ ಟೀ ಶರ್ಟಿನಲ್ಲಿ ಕಂಡರೆ ಹೆದರುತ್ತಾನೆ. ಅಂದರೆ ಆ ಮಗು ಒಂದು ಸುಳ್ಳು ಕಲಿಯಿತು, ಕಲಿಸುವಾಗ ಅದರ ಮಾಸ್ತರನೂ ಅಲ್ಲೇ ಇದ್ದ, ಬಾಯಿ ಬಿಡಲಿಲ್ಲ.

ಅವನು ಗಾಡಿ ಬಂದ್ ಮಾಡಿದ. ಮತ್ತೆ ಮೆಟ್ಟಿಲು ಹತ್ತಿದ. ಕರೆಗಂಟೆ ಒತ್ತಿದ. ವ್ಯಾಪಾರಿ ಬಾಗಿಲು ತೆರೆಯುವಷ್ಟರಲ್ಲಿ ಹೆಲ್ಮೆಟ್ ತೆಗೆದು ಕಂಕುಳಲ್ಲಿ ಹಿಡಿದುಕೊಂಡಿದ್ದ.

“ಯಜಮಾನ್ರ, ನಾನೂ ಓದಾಕತ್ತೀನ್ರಿ. ಓದಾಕತ್ತೀನಿ ಅಂತನ ಈ ಚೀಲ ಹೊರಾಕತ್ತೀನಿ.”

ವ್ಯಾಪಾರಿಗೆ ಏನೂ ತಿಳಿಯಲಿಲ್ಲ. ಇವನೇಕೆ ಮರಳಿ ಬಂದ, ಏನು ಹೇಳುತ್ತಿದ್ದಾನೆ ಎಂದು ನೋಡುತ್ತ ನಿಂತ. ಹಿಂದಿನಿಂದ ಹುಡುಗ ಸಣ್ಣ ದನಿಯಲ್ಲಿ ಹೇಳಿದ:

“ಅಪ್ಪಾ, ಇವ್ರು ನಮ್ಮ ಗಣಿತದ ಸರ್.”

ವ್ಯಾಪಾರಿಯ ಕೈಯಲ್ಲಿ ಪೊಟ್ಟಣ ಹಾಗೆಯೇ ಇತ್ತು. ಅವನು ಕೆಟ್ಟ ಮನುಷ್ಯನಲ್ಲ. ಮಗ ಎಲ್ಲಿ ಹಿಂದೆ ಬೀಳುತ್ತಾನೋ ಎಂಬ ಭಯ ಅವನ ಬಾಯಿಂದ ಹಾಗೆ ಆಡಿಸಿತ್ತು. ಈಗ ಬಾಗಿಲಿನಿಂದ ಪಕ್ಕಕ್ಕೆ ಸರಿದು, “ಒಳಗ ಬರ್ರಿ ಸರ್, ಊಟ ಮಾಡ್ಕೊಂಡು ಹೋಗ್ರಿ” ಎಂದ.

“ಇನ್ನೊಂದು ಮನಿಗೆ ಮುಟ್ಟಿಸೋದೈತ್ರಿ. ಆರಿ ಹೋಗ್ತದ” ಎಂದು ಯಮನೂರಪ್ಪ ಇಳಿದು ಬಂದ.

ಗಾಡಿ ಹತ್ತಿ ಹೊರಟ. ಹೇಳುವಾಗ ಇದ್ದ ಧೈರ್ಯ ಹೇಳಿದ ಮೇಲೆ ಉಳಿಯಲಿಲ್ಲ. ನಾಳೆ ಸಂಕೇತ ತರಗತಿಯಲ್ಲಿ ಹೇಳಿಯೇ ಹೇಳುತ್ತಾನೆ. ಅದೂ ಅಲ್ಲದೆ ನಾಳೆ ತನ್ನ ಪಾಠ ನೋಡಿ ಅಂಕ ಕೊಡಲು ಕಾಲೇಜಿನ ಪ್ರಾಧ್ಯಾಪಕಿ ಬರುವವರಿದ್ದರು. ಉಳಿದ ಊಟ ಮುಟ್ಟಿಸಿ, ಹಾಸ್ಟೆಲಿಗೆ ಬಂದು, ಗೆಳೆಯನೊಬ್ಬನಿಗೆ ನಡೆದದ್ದನ್ನೆಲ್ಲ ಹೇಳಿದ. ಆ ಗೆಳೆಯ, “ಜ್ವರ ಬಂದೈತಿ ಅಂತ ಹೇಳು. ಬ್ಯಾರೆ ಸಾಲಿ ಕೇಳ್ಕೊ” ಎಂದ. ಸಲಹೆ ಯಮನೂರಪ್ಪನಿಗೆ ಹಿಡಿಸಿತು. ಹಾಗೆಯೇ ಮಾಡುವುದೆಂದು ತೀರ್ಮಾನವನ್ನೂ ಮಾಡಿದ.

ಆಮೇಲೆ ತಾಯಿಗೆ ಫೋನ್ ಮಾಡಿದ. ಅವಳು ತಮ್ಮೂರಿನ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುವವಳು. ಜ್ವರದ ವಿಷಯ ಹೇಳಬೇಕೆಂದು ಬಾಯಿ ತೆರೆದವನು, ಅದೇನಾಯಿತೋ, ಮನೆಪಾಠ ಸುಳ್ಳು, ಊಟ ಹೊರುವುದು ನಿಜ ಎಂದು ಹೇಳಿಬಿಟ್ಟ.

“ನಾನೂ ಮಂದಿ ಮಕ್ಕಳಿಗೆ ಉಣ್ಣಾಕ ನೀಡಾಕಿನ. ನೀ ಮಾಡೋದೂ ಅದ. ಇದರಾಗ ಮುಚ್ಚಿಡೋದೇನೈತಿ?” ಎಂದಳು ತಾಯಿ. ಆಮೇಲೆ, “ನೀ ಉಂಡಿಯಿಲ್ಲ?” ಎಂದು ಕೇಳಿದಳು.

ಮರುದಿನ ಅವನು ಶಾಲೆಗೆ ಹೋದ.

ತರಗತಿಯ ಬಾಗಿಲಿಗೆ ಬರುವಾಗಲೇ ಒಳಗಿನ ಗುಸುಗುಸು ಕೇಳಿಸಿತು. ಸಂಕೇತ ಒಬ್ಬನಿಗೆ ಹೇಳಿದ್ದ. ಆ ಒಬ್ಬ ಎಲ್ಲರಿಗೂ ಹೇಳಿದ್ದ. ಹಿಂದಿನ ಬೆಂಚಿನಲ್ಲಿ ಪ್ರಾಧ್ಯಾಪಕಿ ಆಗಲೇ ಬಂದು ಕುಳಿತಿದ್ದರು. ಯಮನೂರಪ್ಪನ ಕಾಲು ಹೊಸ್ತಿಲಲ್ಲಿ ತಡೆಯಿತು. ತಿರುಗಿ ಹೋಗಲು ಆಗಲೂ ಅವಕಾಶವಿತ್ತು. ಅವನು ಒಳಗೆ ಬಂದ. ಮಕ್ಕಳು ಎದ್ದು ನಿಂತು ನಮಸ್ಕಾರ ಹೇಳಿ ಕುಳಿತರು. ಹಲಗೆಯ ಮೇಲೆ ತ್ರಿಭುಜ ಎಂದು ಬರೆಯುವಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು.

“ಸರ್, ಪಾರ್ಸಲ್ ಬಂತೇನ್ರಿ?”

ತರಗತಿಯೆಲ್ಲ ನಕ್ಕಿತು. ಸಂಕೇತ ಮಾತ್ರ ತಲೆ ಬಗ್ಗಿಸಿದ. ಯಮನೂರಪ್ಪ ಮಕ್ಕಳ ಕಡೆ ತಿರುಗಿದ. ಕಿವಿಯವರೆಗೂ ಮುಖ ಬಿಸಿಯಾಗಿತ್ತು. ಸಿಟ್ಟು ಮಾಡಲಿಲ್ಲ. ಯಾರು ಕೂಗಿದ್ದು ಎಂದೂ ಕೇಳಲಿಲ್ಲ.

“ಹೌದು, ಸಂಜೆ ನಾನು ಮನೆಮನೆಗೆ ಊಟ ಮುಟ್ಟಿಸುತ್ತೇನೆ” ಎಂದ. “ನಿಮ್ಮ ಮನೆಗೂ ಒಂದು ದಿನ ಬಂದೇನು. ಆಗಲೂ ನಾನು ಇವನೇ.”

ನಗು ಅರ್ಧಕ್ಕೇ ನಿಂತಿತು. ಆಗ ಕಿಟಕಿಯ ಪಕ್ಕದಿಂದ ಒಬ್ಬ ಹುಡುಗಿ ಎದ್ದು ನಿಂತಳು. ಅವಳು ದಾನೇಶ್ವರಿ. ತರಗತಿಯಲ್ಲಿ ಅವಳ ದನಿಯನ್ನು ಯಾರೂ ಸರಿಯಾಗಿ ಕೇಳಿರಲಿಲ್ಲ. ತಂದೆ ಯಾವುದೋ ಆಫೀಸಿನಲ್ಲಿದ್ದಾರೆಂದು ಗೆಳತಿಯರಿಗೆ ಹೇಳಿದ್ದಳು.

“ಸರ್, ನಮ್ಮಪ್ಪಾನೂ ಅದ ಕೆಲಸ ಮಾಡ್ತಾನ್ರಿ.”

ಹೇಳಿ, ಕೂರುವುದನ್ನೂ ಮರೆತು ನಿಂತೇ ಇದ್ದಳು. ಯಮನೂರಪ್ಪ ಅವಳನ್ನು ಹೊಗಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬಳಗದವರ ಸುದ್ದಿ ಕೇಳಿದವನ ಹಾಗೆ, “ಹಂಗಾದ್ರ ನಿಮ್ಮಪ್ಪನ್ನ ನಾ ನೋಡಿರಬೇಕವಾ. ಹೋಟೆಲ್ ಮುಂದ ನಾವೆಲ್ಲಾರೂ ಕೂಡೇ ನಿಂತಿರ್ತೀವಿ” ಎಂದ.

ದಾನೇಶ್ವರಿ ಕುಳಿತಳು. ಯಮನೂರಪ್ಪ ಹಲಗೆಗೆ ತಿರುಗಿ ತ್ರಿಭುಜದ ಗೆರೆಗಳನ್ನು ಎಳೆದ. ಅಂದು ಯಾರೂ ಮತ್ತೆ ಕೂಗಲಿಲ್ಲ. ಪಾಠ ಪೂರ್ತಿಯಾಯಿತು. ಮುಗಿದ ಮೇಲೆ ಪ್ರಾಧ್ಯಾಪಕಿ ಹತ್ತಿರ ಬಂದು, “ಪಾಠ ಚೆನ್ನಾಗಿತ್ತು, ಯಮನೂರಪ್ಪ. ಗೆರೆಗಳು ಮಾತ್ರ ಬಹಳ ಸೊಟ್ಟ” ಎಂದರು. ಅವನು ತನ್ನ ಕೈ ನೋಡಿಕೊಂಡ. ಅದು ಇನ್ನೂ ನಡುಗುತ್ತಿತ್ತು.

ಅಂದಿನ ಸಂಜೆ ಹೋಟೆಲಿನ ಮುಂದೆ ಅವನು ಪಾರ್ಸಲಿಗೆ ಕಾಯುತ್ತಿದ್ದಾಗ, ತನ್ನಂಥದೇ ಟೀ ಶರ್ಟು ತೊಟ್ಟಿದ್ದ ನಡುವಯಸ್ಸಿನವನೊಬ್ಬ ಬಂದು ಎದುರಿಗೆ ನಿಂತ. ಅವರು ದಿನವೂ ಅಕ್ಕಪಕ್ಕ ನಿಲ್ಲುತ್ತಿದ್ದವರು. ಮಾತಾಡಿದ್ದಿಲ್ಲ.

“ನಾ ದಾನೇಶ್ವರಿ ಅಪ್ಪಾರಿ” ಎಂದ ಆ ಮನುಷ್ಯ. “ನನ್ನ ಮಗಳು ಸಾಲಿ ಗೇಟಿನ ಮುಂದ ನನ್ನ ಗಾಡಿ ನಿಲ್ಸಾಕ ಬಿಡ್ತಿರಲಿಲ್ರಿ ಸರ್. ಮೂಲ್ಯಾಗ ನಿಂದ್ರು ಅಂತಿದ್ಲು. ಇವತ್ತ ಗೇಟಿಗೆ ಬಾ ಅಂದ್ಲು. ಗೆಳತ್ಯಾರ ಮುಂದ ಈ ಚೀಲ ತಾನ ಬೆನ್ನಿಗೆ ಹಾಕ್ಕೊಂಡು ಗಾಡಿ ಹತ್ತಿದ್ಲು.”

ಹೇಳುತ್ತ ಅವನು ಬೆನ್ನಿನ ಚೀಲದ ಪಟ್ಟಿಯನ್ನು ಸವರಿದ. ಯಮನೂರಪ್ಪ ಅವನ ಭುಜ ಹಿಡಿದುಕೊಂಡ. ಒಳಗಿನಿಂದ ಪಾರ್ಸಲ್ ಬಂತೆಂದು ಕೂಗಿದರು. ಇಬ್ಬರೂ ತಂತಮ್ಮ ಊಟ ತೆಗೆದುಕೊಂಡು, ಒಬ್ಬ ಈ ಕಡೆಗೆ, ಒಬ್ಬ ಆ ಕಡೆಗೆ ಹೊರಟರು.

ಇಷ್ಟು ಹೇಳಿ ಅಜ್ಜಾರು ನಿಲ್ಲಿಸಿದರು.

ಪಂಚಾಕ್ಷರಿಯ ಕಣ್ಣುಗಳು ತುಂಬಿದ್ದವು. ಆದರೂ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತೋ ಇಲ್ಲವೋ ಎಂದು ಅವನಿಗೆ ಅನುಮಾನ.

“ಹಾಗಾದರೆ ಅಂದಿನಿಂದ ಅವನ ನಾಚಿಕೆ ಹೋಯಿತು, ಅಲ್ಲವೇ ಅಜ್ಜಾರೆ?” ಎಂದು ಕೇಳಿದ.

“ನಾಚಿಕೆ ಹೋಗಲಿಲ್ಲ, ತಮ್ಮಾ, ನಾಚುತ್ತಲೇ ಅವನು ಶಾಲೆಗೆ ಹೋದ” ಎಂದರು ಅಜ್ಜಾರು.

ಪಂಚಾಕ್ಷರಿ ಜೋಳಿಗೆಯನ್ನು ಹೆಗಲಿಗೆ ಹಾಕಿಕೊಂಡು, ಉಳಿದ ಅರ್ಧ ಪೇಟೆಯ ಕಡೆಗೆ ಹೊರಟ.