ಏರಿಯ ಮೇಲಿನ ತಮಟೆ

“ಗುರುಗಳೇ, ನಾವು ಓಡಿ ಹೋದರೂ ರೋಗಿ ಯಾಕೆ ಉಳಿಯುವುದಿಲ್ಲ?” ಎಂದು ತಿಪ್ಪೇಶ ಕೇಳಿದ.

ಅವನು ದೊಡ್ಡಾಸ್ಪತ್ರೆಯ ವೈದ್ಯ. ವಾರ್ಡಿನಲ್ಲಿ ಯಾರಿಗಾದರೂ ಏರುಪೇರಾದರೆ ನರ್ಸ್ ಕರೆಯಬೇಕು, ಇವನ ತಂಡ ಕೂಡಲೇ ಓಡಬೇಕು. ಹಿಂದಿನ ವಾರ ಎರಡೇ ನಿಮಿಷದಲ್ಲಿ ತಲುಪಿದ್ದರು. ಆದರೂ ಒಬ್ಬ ತಾಯಿ ತೀರಿಕೊಂಡಳು. ಅವಳ ಉಸಿರು ಬೆಳಿಗ್ಗೆಯೇ ಕೆಟ್ಟಿತ್ತು. ನರ್ಸ್ ಕರೆದದ್ದು ಮಧ್ಯಾಹ್ನ. ಇಂಥ ತಂಡದಿಂದ ಏನು ಪ್ರಯೋಜನ ಎಂಬುದು ಅವನ ಸಂಕಟ.

ಗುರುಗಳು ಹೇಳಿದರು:

ಒಂದೂರಿನಲ್ಲಿ ಕೆರೆಯಿತ್ತು. ಏರಿಯ ಮೇಲೆ ತಮಟೆ ತೂಗುಹಾಕಿದ್ದರು. ಏರಿಯಲ್ಲಿ ನೀರು ಜಿನುಗುವುದನ್ನು ಕಂಡವರು ಅದನ್ನು ಬಡಿಯಬೇಕು. ಹತ್ತು ಆಳುಗಳು ಗುದ್ದಲಿ, ಮಂಕರಿ ಹಿಡಿದು ಓಡಿ ಬರಬೇಕು. ಬರುತ್ತಿದ್ದರು ಕೂಡ. ಗಟ್ಟಿಗರು, ಸ್ವಲ್ಪ ಜಂಬವೂ ಇತ್ತು.

ಒಮ್ಮೆ ಒಬ್ಬ ಅಗಸಗಿತ್ತಿ ತಮಟೆ ಬಡಿದಳು. ಬಂದು ನೋಡಿದರೆ ಎಮ್ಮೆ ಮೈ ಕೊಡವಿದ ಒದ್ದೆ. ಹತ್ತೂ ಜನ ನಕ್ಕರು. ಅಂದಿನಿಂದ ಅವಳಿಗೆ ‘ಎಮ್ಮೆ ತಮಟೆಯವಳು’ ಎಂದೇ ಹೆಸರಾಯಿತು.

ಮರುವರ್ಷ ಕೆರೆ ತುಂಬಿತು. ಏರಿಯ ಬುಡದಲ್ಲಿ ಬೆರಳಗಲ ಕೆಸರುನೀರು ಬರುವುದನ್ನು ಅವಳೇ ಕಂಡಳು. ಕೋಲು ಕೈಗೆತ್ತಿಕೊಂಡಳು. ಆ ನಗು ನೆನಪಾಯಿತು. ಖಾತ್ರಿಯಾಗಲಿ ಎಂದು ನಿಂತಳು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವ ತನಕ ನಿಂತಳು. ಅವಳು ಬಡಿದ ಕೂಡಲೇ ಹತ್ತೂ ಜನ ಬಂದರು. ಅವರ ಎದುರಿಗೇ ಏರಿ ಒಡೆಯಿತು. ಕೆಳಗಿನ ಗದ್ದೆಗಳು ಹೋದವು, ಅವಳ ಗುಡಿಸಲೂ ಹೋಯಿತು. ಪಾಪ, ಅವಳನ್ನೇ ಬೈದರು.

ಏರಿ ಕಟ್ಟಿಯಾದ ಮೇಲೆ ಊರವರು ಸೇರಿ, ಹತ್ತು ಆಳು ಸಾಲದು, ಇಪ್ಪತ್ತು ಬೇಕು ಎಂದರು. ಕೆರೆ ಕಾಯುವ ಮುದುಕ ನೀರಗಂಟಿ ಒಪ್ಪಲಿಲ್ಲ.

“ಆಳು ಸಾಕ್ರಪ್ಪ. ಇನ್ಮೇಲೆ ಸುಮ್ನೆ ಬಡಿದೋರಿಗೆ ಆ ಹತ್ತು ಜನಾನೇ ಬೆಲ್ಲ, ಮಜ್ಜಿಗೆ ಕೊಡ್ಲಿ,” ಎಂದ.

ಊರು ನಕ್ಕಿತು, ಆದರೆ ಹಾಗೇ ಮಾಡಿತು. ಆ ಮಳೆಗಾಲದಲ್ಲಿ ತಮಟೆ ಮೂವತ್ತು ಸಲ ಕೇಳಿಸಿತು. ಇಪ್ಪತ್ತೇಳು ಸಲ ಬೆಲ್ಲ ಮಾತ್ರ ಖರ್ಚಾಯಿತು. ಉಳಿದ ಮೂರು ಸಲ ಒಂದೊಂದು ಮಂಕರಿ ಮಣ್ಣು ಸಾಕಾಯಿತು. ಮೂರರಲ್ಲಿ ಒಂದನ್ನು ಕಂಡವಳು ಆ ಅಗಸಗಿತ್ತಿಯೇ. ಆಮೇಲೆ ಆ ಏರಿ ಒಡೆದದ್ದೇ ಇಲ್ಲ.

ತಿಪ್ಪೇಶನ ಮುಖ ಅರಳಿತು. ತಂಡದಿಂದ ಪ್ರಯೋಜನ ಉಂಟು, ಬೇಗ ಕರೆಯುವುದನ್ನು ನರ್ಸುಗಳಿಗೆ ಕಲಿಸಬೇಕು, ಅಷ್ಟೇ ಎಂದ.

ಗುರುಗಳು ಕೇಳಿದರು: “ಆ ನರ್ಸ್ ಹಿಂದೊಮ್ಮೆ ಸುಮ್ಮನೆ ಕರೆದಾಗ ನೀನು ಅವಳಿಗೆ ಏನು ಕೊಟ್ಟೆ?”

ತಿಪ್ಪೇಶ ಎದ್ದು, ಆ ನರ್ಸನ್ನು ಕಾಣಲು ವಾರ್ಡಿನ ಕಡೆ ಹೊರಟ.